ತೇರದಾಳದಿಂದ ಪರ್ವತಕ್ಕೆ

ನಮ್ಮ ಕಡೆ ಶ್ರೀಶೈಲವನ್ನು ಶ್ರೀಶೈಲ ಎಂದು ಕರೆಯುವವರು ಕಡಿಮೆ. ತೇರದಾಳ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮಂದಿಗೆ ಅದು ಬರೀ 'ಪರ್ವತ'. ಅಲ್ಲಿರುವವನು ಪರ್ವತ ಮಲ್ಲಯ್ಯ. ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಓಣಿ ಓಣಿಗಳಲ್ಲಿ 'ಈ ಸಲ ಪರ್ವತಕ್ಕ ಹೊಂಟೀರೇನು' ಎಂಬ ಮಾತು ಕೇಳತೊಡಗಿದರೆ ಯುಗಾದಿ ಹತ್ತಿರ ಬಂತೆಂದು ತಿಳಿಯಬೇಕು. ಬಸ್ಸಿದೆ, ಟ್ರ್ಯಾಕ್ಸ್ ಗಾಡಿಗಳಿವೆ, ರೊಕ್ಕವೂ ಮೊದಲಿನಷ್ಟು ದುಬಾರಿಯಾಗಿ ಉಳಿದಿಲ್ಲ. ಆದರೂ ಉತ್ತರ ಕರ್ನಾಟಕದಿಂದ ಲಕ್ಷಗಟ್ಟಲೆ ಜನ ನಾನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿಯನ್ನು ಕಾಲಲ್ಲೇ ಸವೆಸುತ್ತಾರೆ. ಕೆಲವರು ಬರಿಗಾಲಲ್ಲಿ, ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡು. ಗುಂಪಿನ ಮುಂದೆ ಕಂಬಿ ಇರುತ್ತದೆ. ಹೆಗಲ ಮೇಲೆ ಹೊರುವ, ಅಲಂಕರಿಸಿದ ಆ ಅಡ್ಡೆಯೇ ದೇವರ ಗುರುತು, ಅದೇ ದಾರಿ ತೋರುವ ಬಾವುಟವೂ ಹೌದು. ಕಂಬಿ ನಿಂತಲ್ಲಿ ಎಲ್ಲರೂ ನಿಲ್ಲಬೇಕು, ಎದ್ದಾಗ ಎಲ್ಲರೂ ಏಳಬೇಕು.

ಈ ನಡಿಗೆಯನ್ನು ಭಕ್ತಿಯ ಸಂಗತಿಯೆಂದು ಬರೆದವರು ಬಹಳ ಮಂದಿ ಇದ್ದಾರೆ. ನಮಗೆ ಅದರಲ್ಲಿ ಹೇಳುವ ಅಧಿಕಾರವಿಲ್ಲ. ನಾವು ಹೇಳಹೊರಟಿರುವುದು ಹಾದಿಯ ಮಾತು. ಗುಡಿಗಳ ಚರಿತ್ರೆಯನ್ನು ಕಟ್ಟಿಸಿದ ರಾಜರ ಹೆಸರಿನಲ್ಲಿ ಬರೆಯುತ್ತೇವೆ. ಹಾದಿಗೆ ಅಂಥ ಒಬ್ಬ ಒಡೆಯನಿಲ್ಲ. ಅದನ್ನು ನಡೆದವರು ಬೇರೆ, ಕಾದವರು ಬೇರೆ, ಸುಂಕ ಎತ್ತಿದವರು ಬೇರೆ, ನೀರು ಕೊಟ್ಟವರು ಬೇರೆ. ಅವರ ಲೆಕ್ಕ ಯಾವ ಗೋಪುರದ ಮೇಲೂ ಕೆತ್ತಿಲ್ಲ.

ಮೊದಲು ಹೆಸರಿನಿಂದಲೇ ಆರಂಭಿಸಬಹುದು. 'ಪರ್ವತ' ಎಂಬುದು ನಮ್ಮ ಹಳ್ಳಿಗರ ಸಂಕ್ಷೇಪವಲ್ಲ, ಅದೇ ಹಳೆಯ ಹೆಸರು. 1794ರ ಮಾರ್ಚಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಕ್ಯಾಪ್ಟನ್ ಕಾಲಿನ್ ಮೆಕೆಂಜಿ ಇಲ್ಲಿಗೆ ಬಂದು ತಾನು ಕಂಡದ್ದನ್ನು ದಿನಚರಿಯಲ್ಲಿ ಬರೆದ. ಮುಂದೆ ಅದು 'ಏಷಿಯಾಟಿಕ್ ರಿಸರ್ಚಸ್'ನ ಐದನೆಯ ಸಂಪುಟದಲ್ಲಿ ಅಚ್ಚಾದಾಗ ತಲೆಬರಹದಲ್ಲಿ ಇದ್ದದ್ದು ಶ್ರೀಶೈಲವಲ್ಲ, 'ಪರ್ವುತ್ತಂ'. ಆ ಸ್ಕಾಟಿಷ್ ಅಧಿಕಾರಿಯ ಕಿವಿಗೆ ಬಿದ್ದದ್ದೂ ನಮ್ಮ ನೇಕಾರರು ಇಂದು ಆಡುವ ಮಾತೇ. ಅದಕ್ಕೂ ಹಿಂದೆ, 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥ ತನ್ನ ತೆಲುಗು ಕಾವ್ಯ 'ಪಂಡಿತಾರಾಧ್ಯ ಚರಿತ್ರ'ದಲ್ಲಿ ಈ ಯಾತ್ರೆಗೆಂದೇ ಒಂದು ಭಾಗ ಮೀಸಲಿಟ್ಟು ಅದನ್ನು 'ಪರ್ವತ ಪ್ರಕರಣ'ವೆಂದು ಕರೆದ.

ಇನ್ನೂ ಹಿಂದೆ ಹೋದರೆ ಶ್ರೀಪರ್ವತ ಒಂದು ಶಿಖರದ ಹೆಸರಾಗಿರದೆ ಕೃಷ್ಣೆಯ ಬಲದಂಡೆಯ ಗುಡ್ಡಸಾಲಿಗೇ ಇದ್ದ ಹೆಸರಾಗಿ ಕಾಣುತ್ತದೆ. ನಾಗಾರ್ಜುನಕೊಂಡದಲ್ಲಿ ಸಿಕ್ಕ 3ನೆಯ ಶತಮಾನದ ಇಕ್ಷ್ವಾಕು ಶಾಸನದಲ್ಲಿ 'ಸಿರಿಪವತ'ದ ಮೇಲಿದ್ದುದು ಬೌದ್ಧ ವಿಹಾರ. ಬೋಧಿಸಿರಿ ಎಂಬ ಗೃಹಿಣಿ ಕಟ್ಟಿಸಿಕೊಟ್ಟ ಕಟ್ಟಡಗಳನ್ನು ಆ ಶಾಸನ ಎಣಿಸುತ್ತದೆ. ಕಾಶ್ಮೀರ, ಗಾಂಧಾರ, ಚೀನ, ವಂಗ, ಸಿಂಹಳ ಎಂದು ಪಟ್ಟಿ ಮಾಡುತ್ತಾ ನಡುವೆ 'ವನವಾಸಿ'ಯನ್ನೂ ಹೇಳುತ್ತದೆ. ಅದು ನಮ್ಮ ಬನವಾಸಿ. ಅದೇ ಕಾಲದ ಇನ್ನೊಂದು ಶಾಸನದಲ್ಲಿ ಕೊಡಬಲಿಸಿರಿ ಎಂಬ ಇಕ್ಷ್ವಾಕು ರಾಜಕುಮಾರಿ ವನವಾಸದ ಮಹಾರಾಜನ ರಾಣಿ. ಈಗ ನಮ್ಮವರು ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸಿ ಸೀರೆ, ಕುಪ್ಪಸ, ಅರಿಷಿಣ-ಕುಂಕುಮ ಹೊತ್ತು ನಡೆಯುತ್ತಾರಲ್ಲ, ಸಾವಿರದ ಏಳುನೂರು ವರ್ಷಗಳ ಹಿಂದೆ ಆ ಗುಡ್ಡದ ಮಗಳೇ ಕನ್ನಡನಾಡಿನ ಸೊಸೆಯಾಗಿ ಬಂದಿದ್ದಳು. ಬೀಗತನ ಎರಡೂ ಕಡೆಯಿಂದ ನಡೆದಿದೆ.

ಕನ್ನಡಿಗರ ಮೊದಲ ರಾಜ್ಯಕ್ಕೂ ಈ ಕಾಡಿಗೂ ಇರುವ ನಂಟನ್ನು ಶಾಲೆಯ ಪುಸ್ತಕ ಅರ್ಧ ಮಾತ್ರ ಹೇಳುತ್ತದೆ. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ಎಲ್ಲರಿಗೂ ಗೊತ್ತು. ಆಮೇಲೆ ಅವನು ಹೋದದ್ದೆಲ್ಲಿಗೆ? ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಕುಬ್ಜನೆಂಬ ಕವಿ ಬರೆದ 5ನೆಯ ಶತಮಾನದ ಸ್ತಂಭಶಾಸನ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಗಡಿಕಾವಲಿನವರನ್ನು ಸೋಲಿಸಿ ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ ದುರ್ಗಮ ಕಾಡನ್ನು ಆತ ಸೇರಿಕೊಂಡ, ಬೃಹದ್ಬಾಣರಿಂದ ಕಪ್ಪ ಎತ್ತಿದ, ಕಡೆಗೆ ಪಲ್ಲವರೇ ಒಪ್ಪಂದಕ್ಕೆ ಬಂದರು. ಈ ಕಾಡಿನಲ್ಲಿ ಹಾದಿ ಬಲ್ಲವರ ನೆರವಿಲ್ಲದೆ ಕಂಚಿಯಿಂದ ಬಂದ ವಿದ್ಯಾರ್ಥಿಯೊಬ್ಬ ಒಂದು ವಾರವೂ ಬದುಕಲಾರ. ಆ ಹಾದಿ ಬಲ್ಲವರು ಯಾರೆಂದು ಕುಬ್ಜ ಹೇಳಿಲ್ಲ. ರಾಜರ ಕವಿಗಳು ಹೇಳುವುದೂ ಇಲ್ಲ.

ಇನ್ನು ತೇರದಾಳದ ಮಾತು. ಊರಲ್ಲಿ ಅಲ್ಲಮಪ್ರಭುವಿನ ಗುಡಿಯಿದೆ, ನೇಮಿನಾಥ ಬಸದಿಯಿದೆ. ಬಸದಿಯ ಶಾಸನದ ಮೊದಲ ಭಾಗ 1123ರ ಸುಮಾರಿನದು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಮಾಂಡಲಿಕ ಗೊಂಕನು ಕಟ್ಟಿಸಿದ ಜಿನಾಲಯಕ್ಕೆ ದತ್ತಿ ಕೊಟ್ಟ ವಿಷಯ ಅದರಲ್ಲಿದೆ. ಊರಿನ ಹೆಸರು ಆಗ ತೇರಿದಾಳ. ನಮಗೆ ಇಲ್ಲಿ ಮುಖ್ಯವಾಗುವುದು ಗೊಂಕನಲ್ಲ, ಅದೇ ಶಾಸನದಲ್ಲಿ ತಮ್ಮ ಬಿರುದಾವಳಿಯೊಂದಿಗೆ ಬರುವ ಅಯ್ಯಾವೊಳೆಯ ಐನೂರ್ವರು. ಇವತ್ತಿನ ಐಹೊಳೆಯ ಹೆಸರಿನ ಈ ವ್ಯಾಪಾರಿಗಳ ಕೂಟ ಹೇರೆತ್ತು, ಕತ್ತೆಗಳ ಮೇಲೆ ಸರಕು ಹೇರಿಕೊಂಡು, ಕಾವಲಿನವರೊಡನೆ ಗುಂಪುಗುಂಪಾಗಿ ದಕ್ಷಿಣ ಭಾರತವನ್ನೆಲ್ಲ ಸುತ್ತುತ್ತಿತ್ತು. ಒಂಟಿಯಾಗಿ ಹೋದವನು ಕಳ್ಳರ ಪಾಲು, ಕೂಟದಲ್ಲಿ ಹೋದವನು ಊರು ಮುಟ್ಟುತ್ತಾನೆ. ಕಂಬಿಯ ಹಿಂದೆ ಒಂದೇ ಸಾಲಾಗಿ ನಡೆಯುವ ಈಗಿನ ಶಿಸ್ತನ್ನು ನೋಡಿದಾಗ ನಮಗೆ ಐನೂರ್ವರು ನೆನಪಾಗುತ್ತಾರೆ. ಗೊಂಕನ ತಲೆಮಾರಿನ ಹಿಂದೆಯೇ ಬಂದವರು ಅಲ್ಲಮ ಮತ್ತು ಅಕ್ಕ. ಇಬ್ಬರ ಕಡೆಯ ನಡಿಗೆಯೂ ಶ್ರೀಶೈಲದ ಕದಳಿಗೇ ಎಂಬುದು ಪರಂಪರೆಯ ನಂಬಿಕೆ. ಅಂಕಿತದಲ್ಲೇ ಮಲ್ಲಿಕಾರ್ಜುನನನ್ನು ಇಟ್ಟುಕೊಂಡ ಹೆಣ್ಣುಮಗಳು ಈ ಹಾದಿಯನ್ನು ಒಬ್ಬಳೇ ನಡೆದಳೆಂಬುದನ್ನು, ಕೂಟವಿಲ್ಲದೆ ಹೊರಡಲು ಅಂಜುವ ನಾವು ಸ್ವಲ್ಪ ನಿಂತು ಯೋಚಿಸಬೇಕು.

ನಮ್ಮ ಕಡೆಯ ಗುಂಪುಗಳು ಬಾಗಲಕೋಟೆ ದಾಟಿ ಲಿಂಗಸುಗೂರು, ರಾಯಚೂರುಗಳ ಮೇಲೆ ಕರ್ನೂಲು ಮುಟ್ಟುತ್ತವೆ. ಅದಕ್ಕೆ ಮುನ್ನ ತುಂಗಭದ್ರೆಯ ಉತ್ತರ ದಂಡೆಯಲ್ಲಿ ಆಲಂಪುರವಿದೆ. ಹೆದ್ದಾರಿಯಿಂದ ಒಳಗಿರುವುದರಿಂದ ಹೆಚ್ಚಿನವರು ಅತ್ತ ತಿರುಗುವುದಿಲ್ಲ. ತಿರುಗಿದವರಿಗೆ ಬಾದಾಮಿ, ಪಟ್ಟದಕಲ್ಲುಗಳ ಒಡಹುಟ್ಟಿದ ಗುಡಿಗಳು ಕಾಣಸಿಗುತ್ತವೆ. 7-8ನೆಯ ಶತಮಾನದ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರು ಬಾದಾಮಿಯ ಚಾಲುಕ್ಯರೇ. ಶ್ರೀಶೈಲದ ಅಣೆಕಟ್ಟಿನ ನೀರು ಏರಿದಾಗ ಮುಳುಗಬೇಕಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಇಲ್ಲಿಗೆ ತಂದು ನಿಲ್ಲಿಸಿದ್ದಾರೆ. ಗುಡಿಗಳ ಮಗ್ಗುಲಲ್ಲೇ ಶಾ ಅಲಿ ಪಹಿಲ್ವಾನರ ದರ್ಗಾ ಇದೆ. ಬಾದಾಮಿ ರಾಜರು ಪೂರ್ವಕ್ಕೆ ದಂಡೆತ್ತಿ ಹೋದದ್ದೂ, ಇವತ್ತು ಬಾಗಲಕೋಟೆ ಜಿಲ್ಲೆಯ ರೈತ ಕಂಬಿ ಹೊತ್ತು ಹೋಗುವುದೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ.

ಕರ್ನೂಲಿನಿಂದ ನಂದಿಕೊಟ್ಕೂರು, ಅಲ್ಲಿಂದ ಆತ್ಮಕೂರು. ಅಲ್ಲಿಗೆ ಬಯಲು ಮುಗಿಯಿತು. ಮುಂದೆ ಎದ್ದು ನಿಲ್ಲುವುದು ನಲ್ಲಮಲ. 2023ರ ಮಾರ್ಚಿನಲ್ಲಿ, ರಂಜಾನ್ ಆರಂಭವಾಗುವ ಕೆಲವೇ ದಿನ ಮೊದಲು, ನಾವು ಮೂರ್ನಾಲ್ಕು ಮಂದಿ ಆತ್ಮಕೂರಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಮ್ಮ ಕಡೆಯದೇ ಒಂದು ಕಂಬಿಯವರ ಜೊತೆ ಕಾಡಿನ ಹಾದಿ ನಡೆದೆವು. ವೆಂಕಟಾಪುರದ ಬಳಿ ಅರಣ್ಯ ಇಲಾಖೆಯ ಗೇಟು. ಇದು ಹುಲಿ ರಕ್ಷಿತ ಕಾಡು. ಶಿವರಾತ್ರಿ ಮತ್ತು ಯುಗಾದಿಯ ದಿನಗಳನ್ನು ಬಿಟ್ಟರೆ ಯಾತ್ರಿಕರಿಗೆ ಹಾದಿ ಮುಚ್ಚಿರುತ್ತದೆ. ಗೇಟು ದಾಟಿದ ಮೇಲೆ ಊರಿಲ್ಲ, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ತೇಗ, ಬಿದಿರು, ಎಲೆ ಉದುರಿಸಿ ನಿಂತ ಮತ್ತಿಮರ, ಕಾಲಡಿ ಉರುಳುವ ಹೆಂಟೆಗಲ್ಲು. ನಾಗಲೂಟಿಯಲ್ಲಿ ವೀರಭದ್ರನ ಹಳೆಯ ಗುಡಿ, ಸುತ್ತ ಪಾಳು ಬಿದ್ದ ಕಲ್ಲುಕಟ್ಟಡಗಳು. ಒಂದು ಕಾಲಕ್ಕೆ ಇಲ್ಲಿ ನೂರಾರು ಮಂದಿ ತಂಗುತ್ತಿದ್ದರೆಂದು ಅವನ್ನು ನೋಡಿದರೇ ತಿಳಿಯುತ್ತದೆ. ನಲ್ಲಮಲದ ಪಾಳುಗುಡಿಗಳಿಗೆ ನಿಧಿಗಳ್ಳರ ಕಾಟ ತಪ್ಪಿಲ್ಲ. ಹೊನ್ನಿನಾಸೆಗೆ ಕಲ್ಲು ಕಿತ್ತವರಿಗೆ ಕಲ್ಲೇ ಹೊನ್ನೆಂದು ಹೇಳುವವರು ಯಾರು? ಮುಂದೆ ಪೆಚ್ಚೆರುವು, ಮಠಂ ಬಾವಿ, ಆಮೇಲೆ ನಮ್ಮವರು ಭೀಮನಕೊಳ್ಳ ಎಂದು ಕರೆಯುವ ಭೀಮುನಿ ಕೊಳನು. ಆಳವಾದ ಕಣಿವೆಗೆ ಇಳಿಯಬೇಕು, ಇಳಿದಷ್ಟನ್ನೂ ಕಡಿದಾದ ಮೆಟ್ಟಿಲಲ್ಲಿ ಏರಬೇಕು. ಏರಿದರೆ ಕೈಲಾಸ ದ್ವಾರ. ಈ ಬೆಟ್ಟದ ಮೆಟ್ಟಿಲುಗಳನ್ನು 14ನೆಯ ಶತಮಾನದ ರೆಡ್ಡಿ ದೊರೆ ಪ್ರೋಲಯ ವೇಮನ ಹೆಸರಿಗೆ ಹೇಳುತ್ತಾರೆ.

ನಮ್ಮ ಗುಂಪಿಗೆ ದಾರಿ ತೋರುತ್ತಿದ್ದವರು ಕಂಬಿ ಹೊತ್ತು ತಲೆ ನರೆತ ಒಬ್ಬ ಅಜ್ಜ. ಮೆಟ್ಟಿಲ ಬುಡದಲ್ಲಿ ನಾವು ತಲೆಯೆತ್ತಿ ನೋಡುತ್ತಿದ್ದುದನ್ನು ಕಂಡು ಹೇಳಿದರು:

'ಸಾಹೇಬ್ರ, ಮ್ಯಾಲ ನೋಡಬ್ಯಾಡ್ರಿ. ಏರು ಎಷ್ಟ ಉಳದೈತಿ ಅಂತ ನೋಡಿದಾಂವನ ಕಾಲು ಮೊದಲ ಸೋಲತಾವ. ಮುಂದಿನಾಂವನ ಹಿಮ್ಮಡ ನೋಡ್ಕೋತ ಬರ್ರಿ.'

'ಮುಂದಿನಾಂವ ದಾರಿ ತಪ್ಪಿದ್ರ, ಅಜ್ಜಾರ?'

'ಅವಗ ಅವನ ಮುಂದಿನಾಂವ ಅದಾನಲ್ರಿ.'

ಈ ಮಾತಿನಲ್ಲಿ ಚರಿತ್ರೆಗೆ ಬೇಕಾದ ಸಾಕ್ಷ್ಯವೇ ಇದೆ. 1830ರಲ್ಲಿ ಮದ್ರಾಸಿನ ಸುಪ್ರೀಂ ಕೋರ್ಟಿನ ದುಭಾಷಿ ಏನುಗುಲ ವೀರಾಸ್ವಾಮಿ ನೂರಕ್ಕೂ ಹೆಚ್ಚು ಮಂದಿಯ ಪರಿವಾರ ಕಟ್ಟಿಕೊಂಡು ಕಾಶಿಗೆ ಹೊರಟವನು ನಡುವೆ ಶ್ರೀಶೈಲಕ್ಕೂ ಬಂದ. 1838ರಲ್ಲಿ ಅಚ್ಚಾದ ಅವನ 'ಕಾಶೀಯಾತ್ರಾ ಚರಿತ್ರ' ತೆಲುಗಿನ ಮೊದಲ ಪ್ರವಾಸಗ್ರಂಥಗಳಲ್ಲಿ ಒಂದು. ಆತ್ಮಕೂರು, ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಳನು: ಅವನು ಹೇಳುವ ತಂಗುದಾಣಗಳೇ ಇಂದಿನವೂ. ಭೂಪಟ ನೋಡಿ ನಡೆಯುವವರು ಇಲ್ಲಿ ಯಾರೂ ಇಲ್ಲ, ಆದರೂ ಇನ್ನೂರು ವರ್ಷಗಳಲ್ಲಿ ಹಾದಿ ಜಾಗ ಬಿಟ್ಟು ಕದಲಿಲ್ಲ. ಹಿಮ್ಮಡಗಳೇ ಅದನ್ನು ಹಿಡಿದಿಟ್ಟಿವೆ.

ವೀರಾಸ್ವಾಮಿ ಇನ್ನೊಂದು ಮಾತನ್ನೂ ಬರೆದಿದ್ದಾನೆ, ಅದನ್ನು ನಮ್ಮ ಓದುಗರ ಮುಂದೆ ಮುಚ್ಚಿಡುವುದು ಸರಿಯಲ್ಲ. ಆಗ ಈ ಸೀಮೆ ಕರ್ನೂಲಿನ ನವಾಬನ ಕೈಯಲ್ಲಿತ್ತು. ನವಾಬನ ಕಡೆಯವರು ಯಾತ್ರಿಕರಿಂದ ತಲೆಗಿಷ್ಟೆಂದು ಸುಂಕ ಎತ್ತುತ್ತಿದ್ದರು, ಗುಡಿಯ ದುರಸ್ತಿಗೆ ಏನನ್ನೂ ಮಾಡುತ್ತಿರಲಿಲ್ಲ ಎಂಬುದು ಅವನ ದೂರು. ದೂರು ನ್ಯಾಯವಾದದ್ದೇ. ನವಾಬ ನಮ್ಮವನೆಂದು ಅವನ ಪರ ವಕಾಲತ್ತು ವಹಿಸುವ ಅಗತ್ಯ ನಮಗಿಲ್ಲ. ಹಸಿದು ಬಂದ ಬಡವನ ಗಂಟಿಗೆ ಕೈಹಾಕಿದವನು ಯಾರಾದರೂ ಜಾಲಿಮನೇ. ಆದರೆ ಇದನ್ನೇ ಒಂದು ಧರ್ಮದ ಗುಣವೆಂದು ಹೇಳಹೊರಟವರು ಇನ್ನೆರಡು ಪುಟ ತಿರುವಬೇಕು. 14ನೆಯ ಶತಮಾನದ ಆರಂಭದಲ್ಲಿ ಮೇರುತುಂಗನೆಂಬ ಜೈನ ಪಂಡಿತ ಬರೆದ 'ಪ್ರಬಂಧ ಚಿಂತಾಮಣಿ'ಯಲ್ಲಿ ಗುಜರಾತಿನ ಚೌಲುಕ್ಯ ಅರಸರು ಸೋಮನಾಥಕ್ಕೆ ಹೋಗುವ ಯಾತ್ರಿಕರಿಂದ ಬಾಹುಲೋಡ ಎಂಬಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಕಥೆಯಿದೆ. ಸುಂಕ ಕೊಡಲಾರದೆ ಬಡವರು ಕಣ್ಣೀರಿಡುತ್ತಾ ಹಿಂತಿರುಗುವುದನ್ನು ಕಂಡು ರಾಜಮಾತೆ ಮಯಣಲ್ಲದೇವಿ ತಾನೂ ಮುಂದೆ ಹೋಗಲೊಲ್ಲೆನೆಂದಳು. ಮಗ ಸಿದ್ಧರಾಜ ಜಯಸಿಂಹ ಸುಂಕದ ಪತ್ರವನ್ನೇ ರದ್ದು ಮಾಡಿದ. ಆಕೆ ಕದಂಬ ಜಯಕೇಶಿಯ ಮಗಳು, ಅಂದರೆ ನಮ್ಮ ಕಡೆಯವಳು. ಇತ್ತ ಕಂಪನಿ ಸರ್ಕಾರವೂ ಪುರಿ, ಗಯಾ, ಅಲಹಾಬಾದುಗಳಲ್ಲಿ ಯಾತ್ರಾ ಸುಂಕ ಎತ್ತುತ್ತಿತ್ತು. ಅದನ್ನು ಕೈಬಿಟ್ಟದ್ದು 1840ರ ಕಾಯಿದೆಯಿಂದ. ಜೈನ ಲೇಖಕ ದಾಖಲಿಸಿದ ಶೈವ ದೊರೆ, ಮುಸಲ್ಮಾನ ನವಾಬ, ಕ್ರೈಸ್ತ ಕಂಪನಿ, ಮೂವರ ಪೆಟ್ಟಿಗೆಯೂ ಒಂದೇ ಆಕಾರದ್ದು. ಕರ್ನೂಲಿನ ನವಾಬಿಯೂ 1839ರಲ್ಲಿ ಕಂಪನಿಯ ಪಾಲಾಯಿತು.

ಕಾಡಿನ ನಿಜವಾದ ಯಜಮಾನರು ಬೇರೆಯೇ ಇದ್ದಾರೆ. ಅವರು ಚೆಂಚುಗಳು. ಮೆಕೆಂಜಿಯ ದಿನಚರಿಯಲ್ಲೂ ಅವರಿದ್ದಾರೆ. ಬ್ರಿಟಿಷ್ ಕಾಲದ ಕರ್ನೂಲು ಜಿಲ್ಲೆಯ ದಾಖಲೆಗಳಲ್ಲಿ ಯಾತ್ರಿಕರಿಗೆ ದಾರಿ ತೋರಿ, ಕಾವಲು ಕೊಟ್ಟು, ಅದಕ್ಕೆ ಕೂಲಿಯಾಗಿ ಕಾಸು ಪಡೆಯುತ್ತಿದ್ದವರೂ ಅವರೇ. ಮಲ್ಲಯ್ಯ ತಮ್ಮ ಹುಡುಗಿಯನ್ನು ಮದುವೆಯಾದನೆಂದು ಅವರ ಕಥೆ, ಆದ್ದರಿಂದ ಅವರಿಗೂ ಅವನು ಅಳಿಯ, ಚೆಂಚು ಮಲ್ಲಯ್ಯ. ಒಬ್ಬನೇ ಅಳಿಯನಿಗೆ ಎರಡು ಬೀಗರ ಮನೆ! ಕನ್ನಡದ ಬೀಗರು ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ, ಚೆಂಚು ಬೀಗರು ವರ್ಷವಿಡೀ ಅಲ್ಲೇ ಇರುತ್ತಾರೆ. ನಾವು ಪೆಚ್ಚೆರುವಿನಲ್ಲಿ ಕುಳಿತಾಗ ಗೂಡೆಂನ ಹೆಂಗಸೊಬ್ಬರು ನೀರಿನ ಕೊಡ ಇಳಿಸಿ, ನಾವು ಯಾರು ಎತ್ತ ಎಂದು ಕೇಳದೆ ಎಲ್ಲರ ಬೊಗಸೆಗೂ ಸುರಿದರು. ಭಾಷೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬೆಟ್ಟದ ಮೇಲಿನ ಊರಿನಲ್ಲಿ ಮಾತ್ರ ಈಚಿನ ವರ್ಷಗಳಲ್ಲಿ ಯಾರು ಎತ್ತ ಎಂಬ ಪ್ರಶ್ನೆ ಎದ್ದಿತು. ಹಿಂದೂ ದೇವಾಲಯಗಳಿಗೆ ಸೇರಿದ ಅಂಗಡಿ-ಜಾಗಗಳನ್ನು ಹಿಂದೂಗಳಲ್ಲದವರಿಗೆ ಕೊಡಬಾರದೆಂದು ಆಂಧ್ರ ಸರ್ಕಾರ 2015ರಲ್ಲಿ ಆದೇಶ ಮಾಡಿತು. ಶ್ರೀಶೈಲದಲ್ಲಿ ಬಹುಕಾಲದಿಂದ ಅಂಗಡಿ ಇಟ್ಟುಕೊಂಡಿದ್ದ ಮುಸ್ಲಿಮರು ಕೋರ್ಟು ಹತ್ತಿದರು. 2019ರಲ್ಲಿ ಹೈಕೋರ್ಟು ಸರ್ಕಾರದ ಕಡೆಗೆ ನಿಂತಿತು. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶದಲ್ಲಿ, ಧರ್ಮದ ಕಾರಣಕ್ಕೆ ಯಾರನ್ನೂ ಹರಾಜಿನಿಂದಾಗಲಿ ಲೀಸಿನಿಂದಾಗಲಿ ಹೊರಗಿಡಬಾರದೆಂದು ಹೇಳಿತು. ಹೂವು, ಆಟಿಕೆ ಮಾರುವ ಕೈಗೆ ಧರ್ಮ ಯಾವುದೆಂದು ದೇಶದ ಅತಿ ದೊಡ್ಡ ನ್ಯಾಯಾಲಯ ಕೂತು ವಿಚಾರ ಮಾಡಬೇಕಾಯಿತು. 2022ರ ಮಾರ್ಚಿನಲ್ಲಿ ನಮ್ಮ ಕರಾವಳಿಯ ಜಾತ್ರೆಗಳಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಡುವ ಫಲಕಗಳು ಎದ್ದದ್ದು ಓದುಗರಿಗೆ ನೆನಪಿರಬೇಕು. ಅದೇ ತಿಂಗಳ ಕೊನೆಯಲ್ಲಿ, ಯುಗಾದಿಗೆ ಮೂರು ದಿನ ಇರುವಾಗ, ಶ್ರೀಶೈಲದ ಅಂಗಡಿಯೊಂದರ ಮುಂದೆ ಹುಟ್ಟಿದ ಜಗಳದಲ್ಲಿ ಬಾಗಲಕೋಟೆ ಜಿಲ್ಲೆಯ ಯಾತ್ರಿಕನೊಬ್ಬ ತೀವ್ರ ಗಾಯಗೊಂಡ. ಕೆರಳಿದ ನಮ್ಮವರು ಅಂಗಡಿ, ವಾಹನಗಳನ್ನು ಪುಡಿ ಮಾಡಿದರು. ಅದು ಹಿಂದೂ-ಮುಸ್ಲಿಂ ಜಗಳವಲ್ಲ, ಕನ್ನಡ-ತೆಲುಗಿನದೆಂದು ಪತ್ರಿಕೆಗಳು ಬರೆದವು. ಬೀಗರ ಊರಲ್ಲಿ ಬೀಗರೇ ಬಡಿದಾಡಿದ್ದರು. ಹೊರಗಿಡಬೇಕಾದವರ ಪಟ್ಟಿ ಮಾಡತೊಡಗಿದರೆ ಒಂದು ಹೆಸರಿಗೇ ನಿಲ್ಲುವುದಿಲ್ಲವೆಂದು ನಮಗೆ ಅನಿಸಿದ್ದು ಆಗ.

ಹಾದಿಯಲ್ಲಿ ಪಟ್ಟಿ ಇನ್ನೂ ಆಗಿಲ್ಲ. ಭ್ರಮರಾಂಬೆಗೆಂದು ಒಯ್ಯುವ ಸೀರೆಯನ್ನು ರಬಕವಿ-ಬನಹಟ್ಟಿಯ ಯಾವ ಓಣಿಯ ಮಗ್ಗದಲ್ಲಿ ನೇಯ್ದರೆಂದು ಕೊಂಡವರು ಕೇಳಿದ್ದನ್ನು ನಾವು ಕಂಡಿಲ್ಲ. ಕಂಬಿಗಳು ಹಾಯುವ ಊರುಗಳಲ್ಲಿ ಹಾದಿ ಬದಿಗೆ ಪೆಂಡಾಲು ಹಾಕಿ ಮಜ್ಜಿಗೆ, ಕಲ್ಲಂಗಡಿ, ರೊಟ್ಟಿ-ಶೇಂಗಾ ಹಿಂಡಿ ಕೊಡುವವರಲ್ಲಿ, ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ತಿಕ್ಕುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು, ಈದ್ 31ಕ್ಕೆ. ಅಂದರೆ ಆ ವರ್ಷದ ಇಡೀ ನಡಿಗೆ ರಂಜಾನಿನ ಒಳಗೇ ನಡೆಯಿತು. ರೋಜಾ ಇದ್ದ ನಮ್ಮ ಹುಡುಗರು ಮಧ್ಯಾಹ್ನದ ಬಿಸಿಲಲ್ಲಿ ಒಣಗಿದ ತುಟಿಯಲ್ಲೇ ನಿಂತು ಶರಬತ್ತು ತುಂಬಿ ತುಂಬಿ ಕೊಟ್ಟರು. 'ನೀವೂ ಒಂದ್ ಗ್ಲಾಸ್ ಕುಡೀರಲ್ಲ' ಎಂದ ಹೊಸಬನೊಬ್ಬನಿಗೆ ಜೊತೆಯವನು ಮೊಣಕೈಯಿಂದ ತಿವಿದ. ಸಂಜೆ ತಡವಾಗಿ ಬಂದ ಕಂಬಿಯವರೂ ರೋಜಾ ಬಿಡುವವರೂ ಒಂದೇ ತಾಡಪತ್ರಿಯ ಮೇಲೆ ಕುಳಿತು ಅದೇ ಕಲ್ಲಂಗಡಿ ತಿಂದರು.

ಯುಗಾದಿ ಮುಗಿದ ಮೇಲೆ ನಮ್ಮವರು ಬಸ್ಸು, ಟ್ರ್ಯಾಕ್ಸ್ ಹಿಡಿದು ಊರಿಗೆ ಮರಳುತ್ತಾರೆ. ನಡೆದು ಬಂದ ಕಾಲು ಹಿಂತಿರುಗಿ ನಡೆಯುವುದಿಲ್ಲ. ಊರಿನಲ್ಲಿ ಕಂಬಿಗೆ ಐದೇಶಿಯಾಗಿ ಓಣಿಗೆಲ್ಲ ಊಟ ಆಗುತ್ತದೆ. ನೇಕಾರರಾದವರು ಕಾಲಿನ ಬೊಬ್ಬೆ ಒಣಗುವ ತನಕ ಮಗ್ಗದ ತುಳಿಮಣೆಯ ಮೇಲೆ ಹುಷಾರಾಗಿ ಕಾಲಿಡುತ್ತಾರೆ. ಅತ್ತ ವೆಂಕಟಾಪುರದ ಗೇಟು ಮುಚ್ಚುತ್ತದೆ. ಅರಣ್ಯ ಇಲಾಖೆಗೆ ಕಾವಲುಗಾರರಾಗಿ ದುಡಿಯುವ ಚೆಂಚುಗಳು ನಾಗಲೂಟಿಯಿಂದ ಭೀಮನಕೊಳ್ಳದವರೆಗೆ ನಮ್ಮವರು ಬಿಟ್ಟುಹೋದ ನೀರಿನ ಬಾಟಲಿ, ಹರಿದ ಚಪ್ಪಲಿ, ಪ್ಲಾಸ್ಟಿಕ್ ಚೀಲಗಳನ್ನು ಗೋಣಿಗೆ ತುಂಬುತ್ತಾರೆ. ಆಮೇಲೆ ಮುಂದಿನ ಶಿವರಾತ್ರಿಯವರೆಗೆ ಹಾದಿ ಮತ್ತೆ ಅವರದು, ಹುಲಿಯದು.